ತಂಗಿಯ ಮೊದಲ ಮಾತು

ತಂಗಿ ಹುಟ್ಟಿದ ತಿಂಗಳೊಳಗೆ ಅಪ್ಪ ಚಳಿಜ್ವರದಲ್ಲಿ ತೀರಿಕೊಂಡ. ಶಿರಸಿ ಹತ್ತಿರದ ಎಕ್ಕಂಬಿಯ ನಮ್ಮ ಮನೆಯಲ್ಲಿ ಅಪ್ಪನ ತಾಯಿಯ ಮಾತೇ ಮಾತು. ಅಜ್ಜಿ ತೊಟ್ಟಿಲ ಮುಂದೆ ನಿಂತು, "ಅಪ್ಪನ್ನ ನುಂಗಿದ ಕೂಸಿದು. ಯಾರೂ ಎತ್ತಬ್ಯಾಡ್ರಿ, ಮಾತಾಡಿಸಬ್ಯಾಡ್ರಿ" ಅಂದಳು. ಮೂವತ್ತರ ದಶಕದ ಆ ದಿನಗಳಲ್ಲಿ ಗಂಡ ಸತ್ತ ಹೆಂಗಸಿಗೆ ಎದುರಾಡುವ ಎದೆ ಎಲ್ಲಿಂದ ಬರಬೇಕು? ಅವ್ವ ಬೆಳಗಾಗುವ ಮೊದಲೇ ಗದ್ದೆಗೆ ಹೋಗುತ್ತಿದ್ದಳು. ಎಂಟು ವರ್ಷದ ನನಗೆ ತೊಟ್ಟಿಲು ತೂಗುವ ಕೆಲಸ. ಒಮ್ಮೆ ಕೂಸಿಗೆ ಕಚಗುಳಿಯಿಟ್ಟು ನಗಿಸಲು ಹೋದಾಗ ಅಜ್ಜಿ ಒಲೆಯ ಕೊಳ್ಳಿಯನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಇನ್ನೊಮ್ಮೆ ಅದರ ಜೋಡಿ ಮಾತಾಡಿದ್ರ ನಾಲಿಗಿ ಸುಡತೇನಿ" ಅಂದಳು. ನಾನು ತೊಟ್ಟಿಲ ಹಗ್ಗ ಎಳೆಯುತ್ತ ಕೂತೆ.

ಅದೇ ಮನೆಯಲ್ಲಿ ಚಿಕ್ಕಪ್ಪನ ಮಗ, ತಂಗಿಯ ಓರಗೆಯವನು, ಎಲ್ಲರ ಮಡಿಲಲ್ಲೂ ಬೆಳೆಯುತ್ತಿದ್ದ. ಅವನ ಕೈ ಹಿಡಿದು ಚಪ್ಪಾಳೆ ತಟ್ಟಿಸುವವರು, ತೊಡೆಯ ಮೇಲೆ ಕುಣಿಸುವವರು, ಕಾಗೆ ತೋರಿಸಿ "ಕಾಕಾ" ಅನ್ನಿಸುವವರು. ಹೆಜ್ಜೆ ಕಲಿಯಲೆಂದು ಮೂರು ಗಾಲಿಯ ಮರದ ಗಾಡಿಯೂ ಬಂತು. ಆ ಸದ್ದಿನ ಕಡೆ ತಿರುಗಲು ತಂಗಿ ತೊಟ್ಟಿಲಲ್ಲೇ ಒದ್ದಾಡುತ್ತಿದ್ದಳು. ಮಲಗಿ ಮಲಗಿ ಅವಳ ಹಿಂದಲೆ ಚಪ್ಪಟೆಯಾಗಿ ಕೂದಲು ಉದುರಿತ್ತು. ವರ್ಷ ತುಂಬಿದರೂ ಕೂರಲು ಬರಲಿಲ್ಲ. ಹತ್ತಿರ ಹಾದು ಹೋಗುವಾಗಲೆಲ್ಲ ಅಜ್ಜಿ ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಸಾಯಿ."

ಕೊನೆಗೆ ಅವ್ವ, "ಗದ್ದಿಗೆ ಒಯ್ತೀನ್ರಿ ಅತ್ತಿ" ಎಂದು ಬೇಡಿಕೊಂಡಳು.

"ಒಯ್ಯಿ. ನರಿ ತಿಂದ್ರ ಪೀಡಾ ಹೋತು."

ಗದ್ದೆಯ ಮೇಲಿನ ಒಣ ದಿಬ್ಬದಲ್ಲಿ ಅವ್ವ ಸಣ್ಣ ಕುಣಿ ತೋಡಿ, ಹುಲ್ಲು ತುಂಬಿ, ತಂಗಿಯನ್ನು ಸೊಂಟದ ತನಕ ಇಳಿಸಿ ಕೂರಿಸಿದಳು. ಕೆಲಸದ ನಡುವೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅವ್ವ ಎಲ್ಲಿ? ಇಲ್ಲೇ ಅದಾಳ!" ಎನ್ನುವಳು. ಮೊದಲು ತಂಗಿ ಹೆದರಿ ಅತ್ತಳು. ನಗುವ ಮುಖದ ರೂಢಿಯೇ ಅವಳಿಗಿರಲಿಲ್ಲ. ನಾನು ಸೌತೆಕಾಯಿ ಉರುಳಿಸುತ್ತಿದ್ದೆ, ಕೈಗೆ ಸ್ವಲ್ಪವೇ ಎಟುಕದ ಹಾಗೆ. ಅದಕ್ಕಾಗಿ ಬಗ್ಗಿ, ಬಿದ್ದು, ತೆವಳಿ, ಸುಗ್ಗಿಯ ಹೊತ್ತಿಗೆ ಹುಲ್ಲಿನ ಸಿವುಡು ಹಿಡಿದು ನಿಂತಳು. ನಗಲೂ ಕಲಿತಳು. ಮಾತು ಮಾತ್ರ ಬಂದಿರಲಿಲ್ಲ.

ಒಂದು ಸಂಜೆ ಪಡಸಾಲೆಯಲ್ಲಿ ಅಜ್ಜಿ ನಿಂತುಕೊಂಡು ಮೊಮ್ಮಗನಿಗೆ ಅನ್ನ ಉಣಿಸುತ್ತಿದ್ದಳು. ತಂಗಿ ಹಿಡಿದಿದ್ದ ಕಂಬ ಬಿಟ್ಟಳು. ಆಸರೆಯಿಲ್ಲದೆ ಅವಳಿಟ್ಟ ಮೊದಲ ಹೆಜ್ಜೆಗಳು ಅಜ್ಜಿಯ ಕಡೆಗೇ. ಕೈ ಚಾಚಿ, ನಗುತ್ತ, ಕರೆಯುವಂತೆ ಅಂದಳು: "ಸಾಯಿ."

ಅಜ್ಜಿಯ ಕಾಲು ಅವಳ ಎದೆಗೆ ಬಿತ್ತು. ಹೊಸ್ತಿಲಿಗೆ ಬಡಿದು ಎಳೆಯ ಹಲ್ಲು ಮುರಿದು ಬಾಯಿ ತುಂಬ ರಕ್ತ.

ಅವ್ವ ಅವಳನ್ನೆತ್ತಿಕೊಂಡು ಮೊದಲ ಬಾರಿ ಅತ್ತೆಯ ಮುಖ ನೋಡಿ ಮಾತಾಡಿದಳು. "ನೀವು ಕಲಿಸಿದ್ದ ಮಾತು ಆಡೇತ್ರಿ ಅದು. ಈ ಮನ್ಯಾಗ ಬ್ಯಾರೆ ಮಾತು ಯಾರು ಕಲಿಸ್ಯಾರ?"

ಚಿಕ್ಕಪ್ಪ ಅವ್ವನ ಬಟ್ಟೆಯ ಗಂಟನ್ನು ಅಂಗಳಕ್ಕೆಸೆದ. ನಾನೂ ಹೊರಟಾಗ ರಟ್ಟೆ ಹಿಡಿದ. "ಇದು ದುಡಿಯೋ ವಯಸ್ಸಿಂದು. ಇಲ್ಲೇ ಇರಲಿ." ಅವ್ವ ಕಾಲಿಗೆ ಬಿದ್ದಳು. ಅವನು ನನ್ನನ್ನು ಒಳಗೆಳೆದು ಬಾಗಿಲು ಹಾಕಿದ.

ಅವ್ವ ಶಿರಸಿಯಲ್ಲಿ ಯಾರದೋ ಮನೆಯ ಭತ್ತ ಕುಟ್ಟಿ ಬದುಕಿದ್ದಾಳೆಂದು ಸುದ್ದಿ ಬಂತು. ನಾನು ಚಿಕ್ಕಪ್ಪನ ಮಗನನ್ನು ಆಡಿಸುತ್ತ, ಅವನಿಗೆ ಮಾತು ಕಲಿಸುತ್ತ ಬೆಳೆದೆ. ಐದಾರು ವರ್ಷ ಕಳೆದು ಅಜ್ಜಿ ಸತ್ತ ಮೇಲೆ, ಶಿರಸಿಯ ಸಂತೆಗೆ ಹೊರಟ ಚಿಕ್ಕಪ್ಪ ನನ್ನನ್ನೂ ಕರೆದೊಯ್ದು ಸಂಜೆಯ ತನಕ ಅವ್ವನ ಹತ್ತಿರ ಬಿಟ್ಟ. ಅವ್ವ ನನ್ನ ಮುಖ ಸವರುತ್ತ ಕೂತಳು. ಹೊರಗೆ ಕುಂಟಾಬಿಲ್ಲೆ ಆಡುತ್ತಿದ್ದ ತಂಗಿ ಓಡಿ ಬಂದು ಅವ್ವನ ತೊಡೆಗೊರಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಅವ್ವಾ, ಇಕಿ ಯಾರು? ಯಾವಾಗ ಹೋಗ್ತಾಳ?"

ಚಿಕ್ಕಪ್ಪ ಬರುವ ತನಕ ನಾನು ಅವಳ ಜೊತೆ ಕುಂಟಾಬಿಲ್ಲೆ ಆಡಿದೆ. ಅವಳೇ ಗೆದ್ದಳು.