ಅತ್ತೆಯ ಓದಿಗೆ ಒಂದು ಲಿನಕ್ಸ್

ನಮ್ಮ ಅತ್ತೆಗೆ ಒಂದು ನೇಮ. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಒಂದು ವಚನವನ್ನಾದರೂ ಸ್ವಂತ ಕಣ್ಣಿನಿಂದ ಓದದೆ ಬಾಯಿಗೆ ತುತ್ತು ಇಡುವವರಲ್ಲ. ಕಣ್ಣು ಮಂಜಾಗಿ ಪುಸ್ತಕದ ಅಕ್ಷರ ಇರುವೆ ಸಾಲಿನಂತೆ ಕಾಣತೊಡಗಿದ ಮೇಲೂ ನೇಮ ಬಿಡಲಿಲ್ಲ. ಮೊಬೈಲಿನಲ್ಲಿ ಹಾಕಿ ಕೇಳಿಸುತ್ತೇನೆ ಎಂದರೆ, "ನೀನು ಉಣ್ಣೋದ ನಾನು ನೋಡ್ತಾ ಕುಂತ್ರೆ ನನ್ನೊಟ್ಟೆ ತುಂಬ್ತದಾ ಕಣಮ್ಮಿ?" ಎಂದು ಬಾಯಿ ಮುಚ್ಚಿಸಿದರು.

ದಾರಿ ತೋರಿದವಳು ನನ್ನ ನಾದಿನಿ. ಚಾಮರಾಜನಗರದ ಶಾಲೆಯೊಂದರಲ್ಲಿ ಟೀಚರು. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ, ಯಜಮಾನರು ಈರುಳ್ಳಿ ವ್ಯಾಪಾರಕ್ಕೆಂದು ಯಾವತ್ತೋ ಕೊಂಡಿದ್ದ ಕಂಪ್ಯೂಟರ್ ಒಂದಿತ್ತು. ಅವಳು ವಚನಗಳನ್ನು ಟೈಪ್ ಮಾಡಿ ಅದರಲ್ಲಿ ಹಾಕಿ, ಒಂದೊಂದು ಅಕ್ಷರವನ್ನೂ ನಿಂಬೆಹಣ್ಣಿನ ಗಾತ್ರ ಮಾಡಿಕೊಟ್ಟಳು. ಅತ್ತೆ ಪರದೆಯ ಮುಂದೆ ಮಣೆ ಹಾಕಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ನಾನು ಒಲೆಯ ಮುಂದೆ ನಿಂತೇ ಕೇಳುತ್ತಿದ್ದೆ. ಅದೂ ಸ್ವಾಮಿ ಕೊಟ್ಟ ಭಾಗ್ಯವೇ.

ಬರಬರುತ್ತಾ ಕಂಪ್ಯೂಟರಿಗೂ ಮುಪ್ಪು ಬಂತು. ಸ್ವಿಚ್ ಒತ್ತಿದರೆ ಅನ್ನ ಬೆಂದರೂ ತೆರೆಯುತ್ತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತು ಮೀರಿದರೆ ಕೈ ನಡುಗುತ್ತದೆ, ಹಣೆ ಬೆವರುತ್ತದೆ. ಆದರೂ ವಚನ ಕಾಣುವವರೆಗೆ ಹಾಗೇ ಕೂತಿರುತ್ತಿದ್ದರು. ನನ್ನ ಜೀವ ಬಾಯಿಗೆ ಬರುತ್ತಿತ್ತು.

ಫೋನಿನಲ್ಲಿ ಹೇಳಿದಾಗ ನಾದಿನಿ, "ಇದ್ಕೆ ಲಿನಕ್ಸ್ ಹಾಕ್ಬುಡನ ಅತ್ಗೆ, ಕಾಸೇನೂ ಇಲ್ಲ" ಎಂದಳು. ಶನಿವಾರ ಸಂಜೆ ಬಸ್ಸಿಗೆ ಎರಡು ಪೆನ್‌ಡ್ರೈವ್ ಹಿಡಿದು ಬಂದಳು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಂತೆ, ಅದೂ ಒಂದೇ ಅಲ್ಲವಂತೆ, ಹತ್ತಾರು ಬಗೆಯಂತೆ. ಸಾರು ಒಂದೇ ಆದರೂ ಮನೆಮನೆಗೆ ಖಾರದ ಪುಡಿ ಬೇರೆಯಲ್ಲವೇ, ಹಾಗೆ.

"ಇದು ತುಂಬಾ ಹಗುರ, ಬಿರ್ನೆ ತೆರ್ಕತದೆ. ಇನ್ನೊಂದು ಮಿಂಟ್ ಅಂತ. ವಸಿ ನಿಧಾನ, ಆದ್ರೆ ಬೇಕಾದ್ದೆಲ್ಲ ಒಳಗೇ ಇರ್ತದೆ. ಪೆನ್‌ಡ್ರೈವಿಂದ್ಲೇ ಎರಡನ್ನೂ ಓಡ್ಸಿ ನೋಡ್ಬೋದು. ಒಪ್ಪಿಗೆ ಆದುದ್ದ ಹಾಕನ" ಎಂದಳು.

ನಾನೇ ತಡೆದೆ, ಯಾವುದು ಹಾಕಬೇಕೆಂದು ಮನೆದೇವರು ಮಾದಪ್ಪನಲ್ಲೇ ಹೂ ಕೇಳೋಣ ಎಂದೆ. ಸ್ವಾಮಿಗೆ ಎಡೆ ಇಡುವ ಮೊದಲು ಸಾರಿನ ಉಪ್ಪು ನೋಡುವ ರೂಢಿ ನನಗಿಲ್ಲ. ಹೂ ಕೇಳಿ ತೀರ್ಮಾನ ಮಾಡುವ ವಸ್ತುವನ್ನು ಮೊದಲೇ ಪರೀಕ್ಷೆ ಮಾಡುವುದು ಎಂಜಲು ಮಾಡಿದಂತೆ ಅನ್ನಿಸಿತು. ಮಾದಪ್ಪನ ಪಟದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ, ಬಲಕ್ಕೆ ಹಗುರದ್ದು, ಎಡಕ್ಕೆ ಮಿಂಟ್ ಇಟ್ಟು ಕೈ ಮುಗಿದೆ.

"ಅತ್ತೆ ಹಸಿದು ಕೂರಬಾರದು ತಂದೆ. ಬೇಗ ತೆರೆಯುವುದು ಯಾವುದೋ ಅದನ್ನು ಕೊಡು."

ನಾದಿನಿ ಬಾಗಿಲಲ್ಲಿ ನಿಂತು, "ಮಾದಪ್ಪಂಗೂ ಕಂಪ್ಯೂಟರ್ ಕ್ಲಾಸ್ ಮಾಡ್ತಾವ್ಳೆ ನಮ್ಮತ್ಗೆ" ಎಂದು ನಕ್ಕಳು. ಬಲಗಡೆಯ ಹೂವು ಜಾರಿ ಬಿತ್ತು. ಅವಳು ವಚನಗಳನ್ನು ತೆಗೆದಿಟ್ಟುಕೊಂಡು ಹಳೆಯದನ್ನೆಲ್ಲ ಅಳಿಸಿ, ಹಗುರದ್ದನ್ನೇ ಹಾಕಿ, ವಚನಗಳನ್ನು ತಿರುಗಿ ತುಂಬಿದಳು. ಪೂಜೆಯಾಗದೆ ವಚನ ತೆರೆಯುವಂತಿಲ್ಲ, ಹಾಗಾಗಿ ಅಷ್ಟಕ್ಕೇ ಬಿಟ್ಟೆವು.

ಬೆಳಗ್ಗೆ ಅದು ನಾನು ದೀಪ ಹಚ್ಚಿ ತಿರುಗುವುದರೊಳಗೆ ತೆರೆದುಕೊಂಡಿತ್ತು. ಅತ್ತೆ ವಿಭೂತಿ ಹಚ್ಚಿಕೊಂಡು ಬಂದು ಕೂತರು. ವಚನ ತೆರೆದರೆ ಒಂದಕ್ಷರವೂ ಇಲ್ಲ! ಪರದೆ ತುಂಬ ಬರೀ ಚೌಕ ಚೌಕ, ಹೊಸ ಮನೆಯ ಕಿಟಕಿಗಳ ಹಾಗೆ. ಇದರಲ್ಲಿ ಕನ್ನಡದ ಫಾಂಟೇ ಇಲ್ಲ, ನೆಟ್‌ನಿಂದ ತರಿಸಬೇಕು ಎಂದಳು ನಾದಿನಿ. ನೋಡಿದರೆ ನೆಟ್ ಹಿಡಿಯುತ್ತಿಲ್ಲ. ಅವಳು ಫೋನು, ವೈರು ಎಂದು ಪರದಾಡುವಷ್ಟರಲ್ಲಿ ಅತ್ತೆಯ ಕೈ ನಡುಗತೊಡಗಿತು.

"ಒಂದ್ಚೂರು ಬೆಲ್ಲನಾರ ಬಾಯ್ಗೆ ಹಾಕ್ಕಳಿ ಅತ್ತೆ" ಎಂದೆ. ತಲೆ ಅಲ್ಲಾಡಿಸಿದರು.

"ಆ ಇನ್ನೊಂದ ಹಾಕ್ಲಾ ಅವ್ವ?" ಎಂದಳು ನಾದಿನಿ.

ನಾನು ಅಡ್ಡ ಬಂದೆ. "ಸ್ವಾಮಿ ಹೂ ಕೊಟ್ಟವ್ನೆ. ಮೀರೋದಾ?"

ಅತ್ತೆ ನನ್ನತ್ತ ತಿರುಗಿದರು. "ನೀನು ಕೇಳಿದ್ದೇನು? ಬಿರ್ನೆ ತೆರ್ಯೋದು ಯಾವ್ದು ಅಂತ. ತೆರೀತಲ್ಲ? ಅವನು ಸರ್ಯಾಗೇ ಕೊಟ್ಟವ್ನೆ. ಓದಕಾಯ್ತದಾ ಅಂತ ಕೇಳಿದ್ಯಾ? ಓದೋಳು ನಾನು, ನನ್ನ ಕೇಳಿದ್ಯಾ? ಹಾಕ್ಲಾ ಅನ್ಬ್ಯಾಡ ಮಗ, ಹಾಕು!"

ನಾದಿನಿ ಮಿಂಟ್ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಓಡಿಸಿದಳು. ನಿಧಾನವಾಗಿಯೇ ತೆರೆಯಿತು. ನಾನು ಬೆಲ್ಲದ ಡಬ್ಬಿ ಕೈಯಲ್ಲಿ ಹಿಡಿದು ಶಿವಶಿವಾ ಎನ್ನುತ್ತಿದ್ದೆ. ಪರದೆ ಬೆಳಗಿ, ದಪ್ಪ ದಪ್ಪ ಕನ್ನಡ ಅಕ್ಷರಗಳು ಮೂಡಿದವು. ಅತ್ತೆ ಒಂದು ವಚನ ಓದಿದರು. ಎಂದಿಗಿಂತ ಚಿಕ್ಕದನ್ನೇ ಆರಿಸಿಕೊಂಡರು ಅನ್ನಿಸಿತು, ಪಾಪ. ಆಮೇಲೆ ಬೆಲ್ಲ ತಿಂದು, ಹುಚ್ಚೆಳ್ಳು ಚಟ್ನಿ ಹಚ್ಚಿದ ರೊಟ್ಟಿ ತಿಂದರು.

"ಇದ್ನೇ ಖಾಯಂ ಮಾಡು" ಎಂದು ಮಗಳಿಗೆ ಅಪ್ಪಣೆಯಾಯಿತು. ಅವಳು ಮಧ್ಯಾಹ್ನದ ಬಸ್ಸಿಗೆ ಹೊರಡುವ ಮುಂಚೆ ಮಾಡಿಟ್ಟೇ ಹೋದಳು.

ಈಗ ಅತ್ತೆ ಸ್ನಾನಕ್ಕೆ ಹೋಗುವಾಗ ತಾವೇ ಸ್ವಿಚ್ ಒತ್ತಿ ಹೋಗುತ್ತಾರೆ. ಪೂಜೆ ಮುಗಿಸಿ ಬರುವ ಹೊತ್ತಿಗೆ ಅದು ನಿಧಾನಕ್ಕೆ ತೆರೆದುಕೊಂಡು ಕಾಯುತ್ತಿರುತ್ತದೆ.