ಕಾಲು ಮೊಳೆಯದ ಗೊದಮೊಟ್ಟೆಗಳು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಕಾಲೇಜೊಂದರಲ್ಲಿ ನಾವಿಬ್ಬರೂ ಪ್ರಾಣಿಶಾಸ್ತ್ರದ ಮೇಷ್ಟ್ರುಗಳು.

ಮಳೆ ಶುರುವಾದರೆ ನಾನು ಹಳೇಬೀಡಿನ ಕೆರೆಯಂಚಿನಲ್ಲಿ ಕಪ್ಪೆಯ ಗೊದಮೊಟ್ಟೆ ಹಿಡಿದು, ಹಾಲಿನ ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರು “ಹಾಲಾ ಮೇಡಂ?” ಎಂದರೆ “ಹೂಂ” ಎನ್ನುತ್ತಿದ್ದೆ. ಹಿಂಗಾಲು ಇನ್ನೂ ಸಾಸಿವೆಯಷ್ಟು ಮೊಳಕೆಯಾಗಿರುವಾಗ ಕತ್ತರಿಸಿದರೆ, ಬರೀ ನೀರಿನಲ್ಲಿ ಅದು ಮತ್ತೆ ಬೆಳೆಯುತ್ತದೆ. ಅದೇ ನೀರಿಗೆ ಅಮ್ಮನ ಉಬ್ಬಸದ ಸ್ಟಿರಾಯ್ಡ್ ಮಾತ್ರೆ ಕರಗಿಸಿದರೆ ಬೆಳೆಯುವುದಿಲ್ಲ. ಗಾಯಕ್ಕೆ ಮೊದಲು ಓಡಿಬರಬೇಕಾದ ರೋಗನಿರೋಧಕ ಕಣಗಳನ್ನು ಮಾತ್ರೆ ತಡೆದುಬಿಡುತ್ತದೆ, ಅವು ಬಾರದೆ ಕಾಲೂ ಬಾರದು ಎಂಬುದು ನನ್ನ ಲೆಕ್ಕಾಚಾರ. ಅದಕ್ಕಾಗಿ ಮಳೆಗಾಲಗಳನ್ನೇ ಕೆಸರಿನಲ್ಲಿ ಕಳೆದಿದ್ದೆ.

ಒಂದು ದಿನವೂ ನೀರಿಗೆ ಕೈ ಹಾಕದ ಆ ಸಹೋದ್ಯೋಗಿ, ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ತಮ್ಮ ಸಂಶೋಧನೆ ಎಂದು ಸಾರಿದರು. ಅಂದು ನೋಡಲು ಬರಬೇಕೆಂದು ಹಾಸನದ ಪ್ರೊಫೆಸರೊಬ್ಬರನ್ನೂ ಕರೆದರು. ಇದು ನನ್ನ ಕೆಲಸವಲ್ಲವೇ ಎಂದು ಅವರನ್ನೇ ಹೋಗಿ ಕೇಳಿದೆ.

“ಒಂದೇ ಡಿಪಾರ್ಟ್‌ಮೆಂಟು. ನಿಂದು, ನಂದು ಅಂತ ಯಾಕ್ರೀ ಮೇಡಂ?” ಎಂದರು.

ಪ್ರದರ್ಶನಕ್ಕೆ ಕೆಲವು ವಾರ ಮೊದಲೇ ಗೊದಮೊಟ್ಟೆಗಳನ್ನು ಅವರೇ ತಂದರು. ಜನಕ್ಕೆ ಕಾಣಲಿ ಎಂದು ದಪ್ಪನೆಯವನ್ನೇ ಆರಿಸಿದ್ದರು. ಹಿಂಗಾಲಿಗೆ ಮಂಡಿ, ಬೆರಳು ಎಲ್ಲ ಮೂಡಿದ್ದವು. ಅಷ್ಟು ಬೆಳೆದ ಮೇಲೆ ಕತ್ತರಿಸಿದ ಕಾಲು ಯಾವ ನೀರಿನಲ್ಲೂ ಮತ್ತೆ ಬರುವುದಿಲ್ಲ. “ಚೆನ್ನಾಗಿ ದಪ್ಪಗಿವೆ ಸರ್” ಎಂದೆ, ಅಷ್ಟೇ. ಅವರು ಕಾಲು ಕತ್ತರಿಸಿ ಎರಡು ಗಾಜಿನ ತೊಟ್ಟಿಗಳಿಗೆ ಬಿಟ್ಟು, ಒಂದಕ್ಕೆ ಮಾತ್ರೆ ಹಾಕಿದವರು, ಆಮೇಲೆ ಅತ್ತ ಹಣಕಿಯೂ ನೋಡಲಿಲ್ಲ. ಆ ಮೂಕಪ್ರಾಣಿಗಳನ್ನು ನೋಡಿ ಅಯ್ಯೋ ಪಾಪ ಎನಿಸಿತು. ಅವರ ಮೇಲೆ ಮಾತ್ರ ಎಳ್ಳಷ್ಟೂ ಕರುಣೆ ಹುಟ್ಟಲಿಲ್ಲ.

ಪ್ರದರ್ಶನದ ದಿನ ಅವರು ಮೈಕು ಹಿಡಿದು ಚೆನ್ನಾಗಿಯೇ ಮಾತಾಡಿದರು. ಪ್ರೊಫೆಸರು ಎರಡೂ ಗಾಜಿನ ತೊಟ್ಟಿಗಳಿಗೆ ಬಗ್ಗಿ ನೋಡಿ ಹುಬ್ಬೇರಿಸಿದರು. “ಮಾತ್ರೆ ಹಾಕದ ನೀರಲ್ಲೂ ಕಾಲು ಬಂದಿಲ್ವಲ್ರೀ?”

ಮೈಕು ಹಿಡಿದವರ ಮುಖ ಹುಳ್ಳಗಾಯಿತು. ನನ್ನ ಕಡೆ ತಿರುಗಿ, “ಮೇಡಂ, ಯಾಕೆ ಹಿಂಗಾಯ್ತು, ಸ್ವಲ್ಪ ಹೇಳ್ರೀ” ಎಂದರು.

ಆಗ ನನ್ನ ಹೊಟ್ಟೆ ತಣ್ಣಗಾದದ್ದನ್ನು ಏನೆಂದು ಹೇಳಲಿ! ಎದ್ದು ನಿಂತೆ. “ಹೇಳ್ತೀನಿ ಸರ್. ಮೊದ್ಲು ಈ ಕೆಲಸ ಯಾರದ್ದು ಅಂತ ನೀವು ಹೇಳಿ.”

ಅವರು ನೆಲ ನೋಡುತ್ತಾ, “ಮೇಡಂದು” ಎಂದು ಗೊಣಗಿದರು.

“ಮೈಕಲ್ಲಿ ಹೇಳಿ ಸರ್,” ಎಂದೆ, “ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ.”