ಒಳಹೊರಗಾದ ನಡುಹಾಳೆ

ನನ್ನ ಗಂಡನ ಅಕ್ಕನಿಗೆ ಈಗ ಎಂಬತ್ತೊಂದು ವರ್ಷ. ನಾನು ಅತ್ತಿಗೆ ಎನ್ನುತ್ತೇನೆ, ಬೀದಿಯವರೆಲ್ಲ ಮಡಿಕೆ ಅಕ್ಕ ಎನ್ನುತ್ತಾರೆ. ಕೈಗೆ ಸಿಕ್ಕ ಕಾಗದವನ್ನು ಮಡಿಸದೆ ಬಿಟ್ಟವರಲ್ಲ. ಬಸ್ಸಿನ ಚೀಟಿ, ಔಷಧಿ ಡಬ್ಬಿಯೊಳಗಿನ ಇರುವೆ ಅಕ್ಷರದ ಹಾಳೆ, ಕರೆಂಟಿನ ಬಿಲ್ಲು, ಯಾವುದೇ ಆಗಲಿ ಅವರ ಕೈ ದಾಟಿ ಬಂದರೆ ಅಂಚಿಗೆ ಅಂಚು ಕೂಡಿರುತ್ತದೆ. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೆದಕಿದರೆ, "ಪುರುಸೊತ್ತಾಗಲಿಲ್ಲ ಕಣಮ್ಮ" ಎಂದು ಬಾಯಿ ಮುಚ್ಚಿಸುತ್ತಾರೆ.

ಮೂವತ್ತೊಂಬತ್ತು ವರ್ಷ ಪ್ರೆಸ್ಸಿನಲ್ಲಿ ಹಾಳೆ ಮಡಿಸಿದ ಕೈ ಅದು. ಅಷ್ಟು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ. ತಪ್ಪಿಗಿಂತ ಹೆಚ್ಚಾಗಿ, ಕೇಳಲು ಬಂದವರ ಮುಂದೆ ಒಪ್ಪಿಕೊಳ್ಳದೆ ತಲೆ ತಗ್ಗಿಸಿ ಕೂತದ್ದು ಅತ್ತಿಗೆಯನ್ನು ನಲವತ್ತೇಳು ವರ್ಷ ಕೊರೆಯಿತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಪ್ರೆಸ್ಸಿನ ಮಾತು ಸ್ವಲ್ಪ ಹೇಳಬೇಕು. ಕೆಳಗೆ ಅಚ್ಚಿನ ಯಂತ್ರಗಳು, ಮರದ ಮೆಟ್ಟಿಲು ಹತ್ತಿದರೆ ಬೈಂಡಿಂಗ್ ಕೋಣೆ. ಯಂತ್ರ ಓಡುವಾಗ ನೆಲ ನಡುಗಿ ಮೇಜಿನ ಮೇಲಿನ ಲೋಟಗಳು ತಾವಾಗಿಯೇ ಅಂಚಿಗೆ ಸರಿಯುತ್ತಿದ್ದವು. ಉದ್ದನೆಯ ಮೇಜು, ಮಡಿಸಲು ಅತ್ತಿಗೆಯೂ ಸೇರಿ ಎಂಟು ಜನ ಹೆಂಗಸರು. ನಾನು ಕೊನೆಯಲ್ಲಿ, ಕಾಲಿನಿಂದ ತುಳಿದು ಪಿನ್ ಹೊಡೆಯುವ ಯಂತ್ರದ ಮುಂದೆ. ನನ್ನ ಗಂಡ ಮೂಲೆಯಲ್ಲಿ, ಪುಸ್ತಕದ ಅಂಚು ಕತ್ತರಿಸುವ ಕೆಲಸ. ಮೇಜಿನ ತಲೆಯಲ್ಲಿ ಅತ್ತಿಗೆ. ಕೈಯಲ್ಲಿ ಮಡಿಕೆಯ ಗೀಟು ಒತ್ತಿ ಎಳೆಯಲು ಬೆರಳುದ್ದದ ಮೂಳೆಯ ಪಟ್ಟಿ, ಉಜ್ಜಿ ಉಜ್ಜಿ ಸಾಬೂನಿನ ಚೂರಿನಂತೆ ನುಣುಪಾಗಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಯಾವ ಕೆಲಸ ಬಂದರೂ ಮೊದಲನೆಯದನ್ನು ಅತ್ತಿಗೆ ಮಡಿಸಿ ಮೇಜಿನ ನಡುವೆ ಇಡುತ್ತಿದ್ದರು. ಅದು ಮಾದರಿ. ಮಿಕ್ಕವರು ಅದನ್ನು ನೋಡಿಕೊಂಡು ಮಡಿಸುವುದು. ಯಾರೂ ಅದರ ಮೇಲೆ ಎರಡನೆಯ ಮಾತು ಆಡುತ್ತಿರಲಿಲ್ಲ. ಮಾದರಿ ಸರಿಯಿದ್ದರೆ ಸಾವಿರ ಪುಸ್ತಕ ಸರಿ. ಅದೇ ತಪ್ಪಿದರೆ, ಮುಗಿಯಿತು.

ತಿಂಗಳಿಗೊಮ್ಮೆ ಬರುತ್ತಿದ್ದದ್ದು 'ಸಿಡಿಲುಗೈ' ಎಂಬ ಚಿತ್ರಕಥೆಯ ಪುಸ್ತಕ. ಎಡ ಅಂಗೈಯಿಂದ ಸಿಡಿಲು ಹಾರಿಸುವ ಒಬ್ಬ ವೀರ, ಹಗಲಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಕಥೆ, ಚಿತ್ರ ಎರಡೂ ಸಣಕಲು ಮನುಷ್ಯರೊಬ್ಬರದು. ನಾವು ಚಿತ್ರದ ಮೇಷ್ಟ್ರು ಎನ್ನುತ್ತಿದ್ದೆವು. ಅವರಿಗೆ ಪುಟಸಂಖ್ಯೆ ಕಂಡರಾಗದು. "ಚಿತ್ರದ ಮೂಗಿನ ಮೇಲೆ ನೊಣ ಕೂತ ಹಾಗಿರುತ್ತೆ" ಎಂದು ಹಟ. ಹಾಗಾಗಿ ಒಂದೊಂದು ಹಾಳೆಯ ಅಂಚಿನಲ್ಲೂ ಸಾಸಿವೆಯಷ್ಟು ಗುರುತು ಹಾಕುತ್ತಿದ್ದರು. ಗುರುತು ಹೊರಗೆ ಬರುವಂತೆ ಮಡಿಸಬೇಕು. ಕೊನೆಗೆ ನನ್ನ ಗಂಡನ ಯಂತ್ರದಲ್ಲಿ ಅದು ಅಂಚಿನ ಜೊತೆ ಕತ್ತರಿಸಿ ಹೋಗುತ್ತಿತ್ತು.

ಹನ್ನೊಂದನೆಯ ಸಂಚಿಕೆ ಮಡಿಸುವ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಚೊಚ್ಚಲ ಹೆರಿಗೆ, ಎರಡು ದಿನವಾದರೂ ಮಗು ಹೊರಗೆ ಬರಲು ಮನಸ್ಸು ಮಾಡಿರಲಿಲ್ಲ. ನನ್ನ ಗಂಡ ಆಸ್ಪತ್ರೆಗೂ ಪ್ರೆಸ್ಸಿಗೂ ಸೈಕಲ್ ತುಳಿಯುತ್ತಿದ್ದರು. ಅವರು ಮೆಟ್ಟಿಲ ಬಳಿ ನಿಂತು, "ಇನ್ನೂ ಇಲ್ಲ ಅಕ್ಕಾ, ಡಾಕ್ಟರು ಏನೂ ಹೇಳ್ತಿಲ್ಲ" ಎಂದಾಗ ಅತ್ತಿಗೆಯ ಕೈಯಲ್ಲಿದ್ದದ್ದು ನಡುಹಾಳೆ. ಪುಸ್ತಕದ ಸರಿಮಧ್ಯದಲ್ಲಿ ಬರುವ, ನಾಲ್ಕು ಪುಟದ ಹಾಳೆ. ಕೈ ತನ್ನಷ್ಟಕ್ಕೆ ಮಡಿಸಿತು, ಕಣ್ಣು ಗುರುತು ನೋಡಲಿಲ್ಲ. ಒಳಮೈ ಹೊರಗಾಗಿ, ಹೊರಮೈ ಒಳಗಾಯಿತು. ಹಾಗಾದರೆ ಏನಾಗುತ್ತದೆ ಎಂದರೆ, ಮೊದಲ ಎರಡು ಪುಟ ಹಿಂದಕ್ಕೆ ಹೋಗುತ್ತವೆ, ಕೊನೆಯ ಎರಡು ಮುಂದಕ್ಕೆ ಬರುತ್ತವೆ. ಆ ಮಾದರಿ ಮೇಜಿನ ನಡುವೆ ಕೂತಿತು. ನಾಲ್ಕು ಸಾವಿರ ಪುಸ್ತಕ ಹಾಗೆಯೇ ಹೋಯಿತು.

ಆ ಎರಡೆರಡು ಪುಟಗಳಲ್ಲಿ ಇದ್ದದ್ದೇನು? ಮೊದಲು ಸಿಡಿಲುಗೈ ಗಾಜಿನ ಮೇಲೆ ಬಿದ್ದು ಅಂಗೈ ಸೀಳಿಕೊಳ್ಳಬೇಕು, ಆಮೇಲೆ ಬಟ್ಟೆ ಕಟ್ಟಿಕೊಳ್ಳಬೇಕು. ಈಗ ಬಟ್ಟೆ ಕಟ್ಟಿಕೊಂಡ ಮೇಲೆ ಗಾಯವಾಯಿತು.

ನಾಲ್ಕನೆಯ ದಿನ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟರಂತೆ. ಕೂಗಾಡಲಿಲ್ಲ.

"ಯಾರಮ್ಮ ಇದನ್ನ ಮಡಿಸಿದ್ದು? ಬೈಯಲ್ಲ. ಹೆಸರು ಹೇಳಿ ಸಾಕು."

ಎಂಟು ಜನರಲ್ಲಿ ಏಳು ಜನಕ್ಕೆ ಗೊತ್ತು, ಆದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಹೇಳುವ ಮೇಜಲ್ಲ ಅದು. ಎಂಟನೆಯವರು ಅತ್ತಿಗೆ. ಅವರ ನಾಲಿಗೆ ಏಳಲಿಲ್ಲ. ಮೇಷ್ಟ್ರು ತಮಗೆಂದು ತರಿಸಿಟ್ಟ ಚಹಾವನ್ನೂ ಮುಟ್ಟದೆ ಇಳಿದು ಹೋದರು.

ಅದೇ ಸಂಜೆ ಅತ್ತಿಗೆ ಒಂದು ಪುಸ್ತಕದ ಪಿನ್ ಬಿಚ್ಚಿ, ನಡುಹಾಳೆಯನ್ನು ಸರಿಯಾಗಿ ಮಡಿಸಿ, ಮತ್ತೆ ಪಿನ್ ಹಾಕಿದರು. ಮೇಷ್ಟ್ರಿಗೆ ಕೊಟ್ಟು ಹೇಳಿಬಿಡುವುದು ಎಂದು. ನನ್ನ ಮಗಳನ್ನು ನೋಡಲು ಬಂದಾಗ ತೊಟ್ಟಿಲ ಪಕ್ಕ ಕೂತು ನನಗೆ ಇದನ್ನೆಲ್ಲ ಹೇಳಿದರು. "ನಿನ್ನ ಹೆರಿಗೆ ಚಿಂತೇಲಿ ಹಿಂಗಾಯ್ತು ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ. ಕೂಸಿನ ಮೇಲೆ ನೆಪ ಹಾಕಿದ ಹಾಗಾಗುತ್ತೆ."

ಅಷ್ಟರಲ್ಲಿ ಪ್ರೆಸ್ಸಿಗೆ ಅಂಚೆಯಲ್ಲಿ ಚೀಲಗಟ್ಟಲೆ ಕಾಗದ ಬಂದವು. ಗಾಯಕ್ಕೆ ಮೊದಲೇ ಬಟ್ಟೆ ಹೇಗೆ ಕಟ್ಟಿಕೊಂಡ ಎಂದು ಓದುಗ ಮಕ್ಕಳು ಕೇಳಿ, ಉತ್ತರವನ್ನೂ ತಾವೇ ಬರೆದಿದ್ದರು: ಅವನಿಗೆ ನಾಳೆಯ ನೋವು ಇವತ್ತೇ ಗೊತ್ತಾಗುತ್ತೆ! ಮುಂದಿನ ಸಂಚಿಕೆಯಲ್ಲಿ ಮೇಷ್ಟ್ರು ಅದನ್ನೇ ನಿಜ ಮಾಡಿದರು. ಅದಕ್ಕೆ 'ಮುನ್ನೋವು' ಎಂದು ಹೆಸರಿಟ್ಟರು. ಸಿಡಿಲಿಗಿಂತ ಅದೇ ಹೆಸರುವಾಸಿಯಾಯಿತು. ಇಷ್ಟಾದ ಮೇಲೆ ಸರಿಯಾಗಿ ಮಡಿಸಿದ ಪುಸ್ತಕ ಕೊಡುವುದು ಹೇಗೆ? ಅದು ಅತ್ತಿಗೆಯ ಟ್ರಂಕಿನ ತಳ ಸೇರಿತು. ಮೇಷ್ಟ್ರು ತೀರಿಕೊಂಡು ಈಗ ಹದಿನಾರು ವರ್ಷ.

ಹೋದ ವರ್ಷ ಸಿಡಿಲುಗೈ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂತು. ನನ್ನ ಮಗಳ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವನ ಕಟ್ಟಾ ಅಭಿಮಾನಿ. ಒಂದು ದಿನ ಫೋನು ಹಿಡಿದುಕೊಂಡು ಕೆಂಡವಾಗಿ ಬಂದಳು.

"ಸಿನಿಮಾದವರು ಮುನ್ನೋವು ತೆಗೆದುಹಾಕಿದ್ದಾರಂತೆ ಅಜ್ಜಿ! ಅದಿಲ್ಲದೆ ಅವನೇನು, ಕರೆಂಟ್ ಕಂಬ! ನಾವು ಸುಮ್ನಿರಲ್ಲ."

"ಯಾರೇ ನಾವು?" ಎಂದೆ.

"ಎಪ್ಪತ್ತು ಸಾವಿರ ಜನ ಇದೀವಿ."

ಮೂಲೆಯಲ್ಲಿ ಕರವಸ್ತ್ರ ಮಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. "ಅದೊಂದಕ್ಕೆ ಅಷ್ಟು ಜನ ಜಗಳಕ್ಕೆ ನಿಂತಿದ್ದಾರಾ?"

"ಮತ್ತೆ? ಮೇಷ್ಟ್ರ ತಲೇಲಿ ಅದು ಹೇಗೆ ಹುಟ್ಟಿತು ಅನ್ನೋದೇ ದೊಡ್ಡ ಚರ್ಚೆ. ಸಾಯೋಕೆ ಮುಂಚೆ ಒಂದು ಸಂದರ್ಶನದಲ್ಲಿ ಏನಂದಿದಾರೆ ಗೊತ್ತಾ ದೊಡ್ಡಜ್ಜಿ? ಕೇಳು." ಅವಳು ಓದಿದಳು: "ಅದು ನನ್ನದಲ್ಲ. ಯಾರೋ ಕೊಟ್ಟದ್ದು. ಹೆಸರು ಕೇಳಿದೆ, ಹೇಳಲಿಲ್ಲ. ಇವತ್ತಿಗೂ ಗೊತ್ತಾದರೆ ಸಂತೋಷ." ಫೋನು ಕೆಳಗಿಟ್ಟು, "ಕೆಲವರು ಕನಸು ಅಂತಾರೆ, ಕೆಲವರು ಯಾರೋ ಸಾಧು ಅಂತಾರೆ" ಎಂದಳು.

ನಮ್ಮ ಮನೆಯ ಸಾಧು ಎದ್ದು ಒಳಕೋಣೆಗೆ ಹೋದರು. ಟ್ರಂಕು ತೆಗೆದ ಸದ್ದು ಕೇಳಿಸಿತು. ಪುಸ್ತಕ ತಂದು ಹುಡುಗಿಯ ಮಡಿಲಿಗೆ ಹಾಕಿದರು. ಹನ್ನೊಂದನೆಯ ಸಂಚಿಕೆ ಕಂಡು ಅವಳು ಚೀರಿದ ಚೀರಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಪುಟ ತಿರುಗಿಸುತ್ತಾ ಹೋಗಿ, ನಡುವೆ ತಡೆದು, ಹುಬ್ಬು ಗಂಟಿಕ್ಕಿದಳು.

"ಥೂ, ಇದನ್ನ ತಪ್ಪಾಗಿ ಮಡಿಸಿದ್ದಾರೆ! ಗಾಯ ಮೊದಲು ಬಂದುಬಿಟ್ಟಿದೆ. ಯಾವ ಕುರುಡಿ ಮಡಿಸಿದ್ದೋ."

ನಾನು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾಲ್ಕು ಸಾವಿರದಲ್ಲಿ ಇದೊಂದೇ ಸರಿಯಾಗಿ ಮಡಿಸಿರೋದು ಕಣೇ, ಕತ್ತೆ. ಮಿಕ್ಕಿದ್ದೆಲ್ಲ ತಪ್ಪು. ಆ ಕುರುಡಿ ನಾನೇ."

ಎಲ್ಲ ಹೇಳಿದರು. ಹುಡುಗಿ ನಡುಹಾಳೆಯನ್ನೇ ಹಿಂದೆ ಮುಂದೆ ತಿರುಗಿಸುತ್ತಾ ಕೂತಳು. ಅವಳ ದೇವರನ್ನು ಪೀಠದಿಂದ ಕೆಳಗಿಳಿಸಿದೆವೇನೋ ಎಂದು ನನಗೆ ಭಯವಾಯಿತು. ಕೊನೆಗೆ, "ಅಂದ್ರೆ ಅಮ್ಮ ಹುಟ್ಟೋಕೆ ತಡ ಮಾಡಿದ್ದಕ್ಕೆ ಮುನ್ನೋವು ಹುಟ್ಟಿತು" ಎಂದಳು. ಆಮೇಲೆ, "ದೊಡ್ಡಜ್ಜಿ, ಇದನ್ನ ಅವರಿಗೆಲ್ಲ ಹೇಳಬೇಕು."

"ಬೇಡ್ವೇ. ಅಷ್ಟು ಜನ ಪ್ರೀತಿ ಇಟ್ಟಿರೋದು ನನ್ನ ತಪ್ಪಿನ ಮೇಲೆ ಅಂತ ಗೊತ್ತಾದ್ರೆ ಉಗೀತಾರೆ. ಮೇಷ್ಟ್ರ ಹೆಸರೂ ಕೆಡುತ್ತೆ."

ಆದರೆ ಆ ಸಂದರ್ಶನದ ಮಾತು ಅವರನ್ನು ಬಿಡಲಿಲ್ಲ. ತರಕಾರಿ ಹೆಚ್ಚುವಾಗ, ಬಟ್ಟೆ ಹರವುವಾಗ, "ಹೆಸರು ಕೇಳಿದೆ, ಹೇಳಲಿಲ್ಲ ಅಂದ್ರಂತೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಸಿನಿಮಾ ಬಂದ ದಿನ ಬೆಳಗಿನ ಆಟಕ್ಕೆ ಮೂವರೂ ಹೋದೆವು. ಅಷ್ಟೆಲ್ಲ ಗಲಾಟೆಯಾದರೂ ಮುನ್ನೋವು ಇದೆಯೋ ಇಲ್ಲವೋ ಎಂದು ಸಿನಿಮಾದವರು ಬಾಯಿ ಬಿಟ್ಟಿರಲಿಲ್ಲ. ಚಿತ್ರಮಂದಿರದ ಮುಂದೆ ಸಾಲು ರಸ್ತೆಯ ತಿರುವು ದಾಟಿತ್ತು. ಎಲ್ಲರ ಎಡಗೈಗೂ ಬಿಳಿ ಬಟ್ಟೆ ಸುತ್ತಿದೆ! ನಡುವಯಸ್ಸಿನ ಗಂಡಸರು, ಹೆಂಗಸರು, ಟಿಕೆಟ್ ಹರಿಯುವವನೂ ಸುತ್ತಿಕೊಂಡಿದ್ದ.

"ಅಯ್ಯೋ, ಇಷ್ಟು ಜನಕ್ಕೆ ನಾನು ಪೆಟ್ಟು ಮಾಡಿದೆನಾ!" ಎಂದರು ಅತ್ತಿಗೆ ನನ್ನ ಕಿವಿಯಲ್ಲಿ.

ಒಳಗೆ ಅರ್ಧ ಸಿನಿಮಾ ಕಳೆದರೂ ಮುನ್ನೋವಿನ ಸುಳಿವಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು. ಮೊಮ್ಮಗಳು ಉಗುರು ಕಚ್ಚುತ್ತಿದ್ದಳು. ಆಮೇಲೆ ಪರದೆಯ ಮೇಲೆ ಗಡಿಯಾರದ ಅಂಗಡಿ. ಅವನು ಕೆಲಸ ನಿಲ್ಲಿಸಿ, ಏನೂ ಆಗದ ತನ್ನ ಅಂಗೈಯನ್ನು ನೋಡಿಕೊಂಡ. ಒಂದು ಬಟ್ಟೆ ತೆಗೆದು ನಿಧಾನವಾಗಿ ಸುತ್ತತೊಡಗಿದ. ಇಡೀ ಚಿತ್ರಮಂದಿರ ಎದ್ದು ನಿಂತಿತು. ಶಿಳ್ಳೆ, ಕೂಗು, ಕಾಗದದ ಚೂರು, ಪಕ್ಕದ ಹೆಂಗಸು ಅಳುತ್ತಿದ್ದಳು. ಎಲ್ಲರೂ ನಿಂತಿದ್ದರಿಂದ ಅತ್ತಿಗೆಗೆ ಪರದೆಯೇ ಕಾಣಿಸಲಿಲ್ಲ. "ಏನಾಯ್ತು, ಗಾಯ ಆಯ್ತಾ?" ಎಂದು ಕೇಳುತ್ತಲೇ ಇದ್ದರು.

ಹೊರಗೆ ಬಂದರೆ ಅಂಗಳದಲ್ಲಿ ಗುಂಪು ಗುಂಪಾಗಿ ವಾದ. ಒಬ್ಬನಿಗೆ ಬಣ್ಣ ಹಿಡಿಸಿಲ್ಲ, ಇನ್ನೊಬ್ಬಳಿಗೆ ಖಳನ ಮೀಸೆ ಹಿಡಿಸಿಲ್ಲ. ಜುಟ್ಟು ಕಟ್ಟಿದ್ದ ಒಬ್ಬ ಗಂಡಸು, ಎಲ್ಲ ಸಂಚಿಕೆಯೂ ತನ್ನ ಹತ್ತಿರ ಇದೆ ಎಂದು ಮೊದಲೇ ಸಾರಿದವನು, "ಮೇಷ್ಟ್ರು ಮೊದಲ ಸಂಚಿಕೆಯಿಂದಲೇ ಮುನ್ನೋವು ಯೋಚನೆ ಮಾಡಿಟ್ಟಿದ್ರು" ಎಂದು ಪಾಠ ಮಾಡುತ್ತಿದ್ದ.

"ಇಲ್ಲಪ್ಪ," ಎಂದರು ಅತ್ತಿಗೆ. "ಅದು ನಾನು ಮಡಿಸಿದ್ದು."

"ಏನಂದ್ರಿ ಅಜ್ಜಿ?"

"ಹನ್ನೊಂದನೇ ಸಂಚಿಕೆ. ನಡುಹಾಳೆ ಒಳಹೊರಗಾಗಿ ಮಡಿಸಿಬಿಟ್ಟೆ. ಅವರು ಬಂದು ಕೇಳಿದ್ರು, ಹೇಳಲಿಲ್ಲ. ಈಗ ಹೇಳ್ತಿದೀನಿ."

ಯಾರೋ ಕಿಸಕ್ಕೆಂದರು. ಅತ್ತಿಗೆ ಜುಟ್ಟಿನವನ ಕೈಯಲ್ಲಿದ್ದ ಸಿನಿಮಾದ ಕರಪತ್ರ ಕಿತ್ತುಕೊಂಡರು. ಮೊಮ್ಮಗಳ ಪೆನ್ನು ಇಸಿದುಕೊಂಡು, ಮಡಿಸಿ, ನಾಲ್ಕು ಮುಖಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದು ಬರೆದರು. ತಿರುಗಿಸಿ ತೋರಿಸಿದರು. ಬಿಚ್ಚಿ, ಅದೇ ಗೀಟಿನ ಮೇಲೆ ಉಲ್ಟಾ ಮಡಿಸಿದರು. ಮೂರು, ನಾಲ್ಕು, ಒಂದು, ಎರಡು. ಜುಟ್ಟಿನವನು ಅದನ್ನು ಮೂರು ಸಲ ಬಿಚ್ಚಿ ಮಡಿಸಿ ನೋಡಿದ. ಅವನ ಮುಖ ಮೆಲ್ಲಗೆ ಅರಳಿತು. "ಹೆಸರು ಕೇಳಿದೆ, ಹೇಳಲಿಲ್ಲ," ಎಂದ. "ಅದು ನೀವು!"

ಯಾರೂ ಉಗಿಯಲಿಲ್ಲ. ಐವತ್ತು ಕರಪತ್ರ ಒಟ್ಟಿಗೆ ಮುಂದೆ ಬಂದವು, ಸಹಿ ಹಾಕಿ ಎಂದು. "ಸಹಿಗಿಹಿ ಬರಲ್ಲ ನಂಗೆ. ಮಡಿಸಿಕೊಡ್ತೀನಿ ಬನ್ನಿ" ಎಂದು ಅತ್ತಿಗೆ ಮೆಟ್ಟಿಲ ಮೇಲೆ ಕೂತರು, ಚೀಲದಿಂದ ಮೂಳೆಯ ಪಟ್ಟಿ ತೆಗೆದರು. ಅದನ್ನು ಜೊತೆಗೆ ತಂದಿದ್ದರೆಂದು ನನಗೂ ಗೊತ್ತಿರಲಿಲ್ಲ. ಒಬ್ಬೊಬ್ಬರನ್ನೂ ಕೇಳಿದರು, "ಸರಿಯಾಗೋ, ತಪ್ಪಾಗೋ?"

"ತಪ್ಪಾಗಿ ಅಜ್ಜಿ!"

ಮನೆಗೆ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಮೆತ್ತಗೆ ಕೇಳಿದಳು, "ದೊಡ್ಡಜ್ಜಿ, ಟ್ರಂಕಿನಲ್ಲಿರೋದನ್ನೂ ಪಿನ್ ಬಿಚ್ಚಿ ತಪ್ಪಾಗಿ ಮಡಿಸಿಕೊಡ್ತೀಯಾ?"

"ಮುಟ್ಟಿದ್ರೆ ಜೋಕೆ. ಅದು ಮೇಷ್ಟ್ರದು" ಎಂದ ಅತ್ತಿಗೆ ಮೂರೂ ಟಿಕೆಟ್ಟುಗಳನ್ನು ಒಟ್ಟಿಗೆ ಮಡಿಸಿ, ಗೀಟು ಎಳೆದು, ಕಿಟಕಿಯ ಕಡೆ ತಿರುಗಿ ಕೂತರು.